ಕಲಾಸಿಪಾಳ್ಯದ ಲಾರಿ ಪಾರ್ಸೆಲ್: ಬೀಡಿನ ಕಾವಲಿ ಒಡೆಯದೆ ಊರು ಸೇರಬೇಕಾದರೆ

ಬೆಂಗಳೂರಿನ ಕಾಮಾಕ್ಷಿಪಾಳ್ಯದಲ್ಲಿ ನನ್ನದೊಂದು ಸಣ್ಣ ಶೆಡ್ ಇದೆ. ಬೀಡಿನ (ಎರಕದ ಕಬ್ಬಿಣದ) ದೋಸೆ ಕಾವಲಿ, ಪಡ್ಡಿನ ಹಂಚು, ಮರಿಗೆ ಅಂದರೆ ಬಳಪದ ಕಲ್ಲಿನ ಪಾತ್ರೆ ತರಿಸಿ, ಎಣ್ಣೆ ಹಚ್ಚಿ ಪಳಗಿಸಿ, ಪ್ಯಾಕ್ ಮಾಡಿ ಊರೂರಿನ ಪಾತ್ರೆ ಅಂಗಡಿಗಳಿಗೆ ಕಳಿಸುತ್ತೇನೆ. ಶಿವಮೊಗ್ಗ, ಸಾಗರ, ಹುಬ್ಬಳ್ಳಿ, ಪುತ್ತೂರು. ತಿಂಗಳಿಗೆ 60-70 ಬಾಕ್ಸ್ ಆಗುತ್ತದೆ. 2022ರಿಂದ ಕಳಿಸುತ್ತಿದ್ದೇನೆ. ಹೊಸದಾಗಿ ವ್ಯಾಪಾರ ಶುರು ಮಾಡಿದವರು ಸಿಕ್ಕಾಗಲೆಲ್ಲ ಒಂದೇ ಪ್ರಶ್ನೆ ಕೇಳುತ್ತಾರೆ, ಯಾವ ಟ್ರಾನ್ಸ್‌ಪೋರ್ಟ್ ಚೆನ್ನಾಗಿದೆ ಅಂತ. ಪ್ರತಿ ಸಲ ಬಾಯಲ್ಲಿ ಹೇಳಿ ಸಾಕಾಯಿತು, ಅದಕ್ಕೆ ಬರೆಯುತ್ತಿದ್ದೇನೆ.

ಬೀಡು ನೋಡಲು ಗಟ್ಟಿ. ಎತ್ತಿದರೆ ಕೈ ಸೋಲುತ್ತದೆ. ಆದರೆ ಕಬ್ಬಿಣದ ತಗಡಿನ ಹಾಗೆ ಬಗ್ಗುವುದಿಲ್ಲ, ಬಿದ್ದರೆ ಎರಡು ಹೋಳು. ಇದು ಎಷ್ಟೋ ಜನಕ್ಕೆ ಗೊತ್ತಿಲ್ಲ. ನನ್ನ ಮೊದಲ ದೊಡ್ಡ ಆರ್ಡರ್ ಶಿವಮೊಗ್ಗದ್ದು, 22 ಕಾವಲಿ, ಅದರಲ್ಲಿ 7 ಒಡೆದಿದ್ದವು. ಅಂಗಡಿಯವರು ಫೋಟೋ ಕಳಿಸಿದಾಗ ಹೊಟ್ಟೆ ಕಿವುಚಿದ ಹಾಗಾಯಿತು. ಬುಕ್ ಮಾಡಿದ ಆಫೀಸಿಗೆ ಹೋಗಿ ಕೇಳಿದರೆ, ರಸೀದಿ ತಿರುಗಿಸಿ ಹಿಂದಿದ್ದ ಸಣ್ಣ ಅಕ್ಷರ ತೋರಿಸಿದರು. ಓನರ್ಸ್ ರಿಸ್ಕ್ ಅಂತ ಇದೆ ನೋಡಿ ಮೇಡಂ, ಒಡೆದ್ರೆ ಸಾಮಾನಿನವರದೇ ಹೊಣೆ, ನಾವೇನು ಮಾಡೋಕಾಗಲ್ಲ. ಅಷ್ಟೇ. ಆ ಆಫೀಸಿನ ಹೆಸರು ಇಲ್ಲಿ ಬೇಡ.

ಆವತ್ತು ಬೇಜಾರಿನಲ್ಲಿ ಅಲ್ಲೇ ಹೊರಗೆ ಕಟ್ಟೆ ಮೇಲೆ ಕೂತಿದ್ದೆ. ಒಂದು ಗಂಟೆ ಕೂತು ಲೋಡಿಂಗ್ ನೋಡಿದೆ. ನಿಜ ಹೇಳಬೇಕೆಂದರೆ, ನನ್ನ ಕಾವಲಿ ಯಾಕೆ ಒಡೆಯಿತು ಅನ್ನುವುದು ಆ ಒಂದು ಗಂಟೆಯಲ್ಲಿ ಅರ್ಥವಾಯಿತು. ಆ ಆಫೀಸಿನಲ್ಲಿ ಹಮಾಲಿಗಳು ದಿನಾ ಬದಲಾಗುತ್ತಾರೆ. ರಸ್ತೆಯಲ್ಲಿ ಯಾರು ಸಿಕ್ಕರೆ ಅವರನ್ನು ಕರೆಯುತ್ತಾರೆ. ಬಾಕ್ಸಿಗಿಷ್ಟು ಅಂತ ಲೆಕ್ಕ, ಬೇಗ ಎತ್ತಿದಷ್ಟೂ ದುಡ್ಡು. ಹತ್ತು ಜನ ಮಾಡುವ ಕೆಲಸಕ್ಕೆ ನಾಲ್ಕು ಜನ. ಯಾವ ಬಾಕ್ಸಿನಲ್ಲಿ ಏನಿದೆ ಅಂತ ಅವರಿಗೆ ಹೇಳುವವರೂ ಇಲ್ಲ. 40 ಕಿಲೋ ಬಾಕ್ಸನ್ನು ಒಬ್ಬನೇ ಎತ್ತಿ ಲಾರಿಯ ಎದೆ ಎತ್ತರಕ್ಕೆ ಇಡಬೇಕು ಅಂದರೆ ಅವನು ಎಸೆಯದೆ ಇನ್ನೇನು ಮಾಡುತ್ತಾನೆ? ತಪ್ಪು ಅವನದಲ್ಲ. 40 ಕಿಲೋ ಬಾಕ್ಸ್ ಮಾಡಿದ ನನ್ನದು, ಅವನನ್ನು ಹಾಗೆ ದುಡಿಸುವ ಆಫೀಸಿನದು.

ಅದಾದ ಮೇಲೆ ನಾನು ಲಾರಿ ಆಫೀಸು ಹುಡುಕುವ ರೀತಿಯೇ ಬದಲಾಯಿತು. ರೇಟು ಆಮೇಲೆ ಕೇಳುತ್ತೇನೆ. ಮೊದಲು ಸಂಜೆ ಹೊತ್ತಿಗೆ ಹೋಗಿ ಹತ್ತು ನಿಮಿಷ ಸುಮ್ನೆ ನಿಂತು ನೋಡುತ್ತೇನೆ. ಹಮಾಲಿಗಳು ಹಳಬರಾ? ಒಬ್ಬರನ್ನೊಬ್ಬರು ಹೆಸರು ಹಿಡಿದು ಕರೆಯುತ್ತಾರಾ? ಕುಡಿಯಲು ನೀರು ಇಟ್ಟಿದ್ದಾರಾ? ಭಾರದ ಬಾಕ್ಸಿಗೆ ಇಬ್ಬರು ಕೈ ಹಾಕುತ್ತಾರಾ? ಬುಕಿಂಗ್ ಕ್ಲರ್ಕ್ ಅವರ ಜೊತೆ ಹೇಗೆ ಮಾತಾಡುತ್ತಾನೆ? ಇಷ್ಟು ನೋಡಿದರೆ ಸಾಮಾನು ಹೇಗೆ ತಲುಪುತ್ತದೆ ಅಂತ ಮುಕ್ಕಾಲು ಪಾಲು ಹೇಳಬಹುದು.

ಹಾಗೆ ಸಿಕ್ಕಿದ್ದು ಈಗ ನಾನು ಕಳಿಸುವ ಆಫೀಸು. ಸಣ್ಣ ಆಫೀಸು, ಒಳಗೆ ಒಂದು ಮೇಜು, ತೂಕದ ಯಂತ್ರ, ಹಿಂದೆ ಗೋಡೌನ್. ಅಲ್ಲಿ ಆರು ಜನ ಹಮಾಲಿಗಳು. ಹೆಚ್ಚಿನವರು ಕಲಬುರಗಿ, ಯಾದಗಿರಿ ಕಡೆಯವರು, ಹಿರಿಯರೊಬ್ಬರು ಇಲ್ಲೇ ಕಲಾಸಿಪಾಳ್ಯದಲ್ಲಿ ಹುಟ್ಟಿ ಬೆಳೆದವರು. ನನ್ನ ಬಾಕ್ಸನ್ನು ಮೊದಲ ಸಲ ಎತ್ತಿದ ತಕ್ಷಣ ಆ ಹಿರಿಯರು ಕೆಳಗಿಟ್ಟರು. 'ಅಕ್ಕಾ, ಒಳಗೆ ಬೀಡು ಐತಾ? ಮೊದ್ಲೇ ಹೇಳ್ಬಾರ್ದಾ?' ಅಂದರು. ಬಿಚ್ಚಿ ತೋರಿಸಿದೆ. ಕಾವಲಿಗಳನ್ನು ಒಂದರ ಮೇಲೊಂದು ಮಲಗಿಸಿ ಜೋಡಿಸಿದ್ದೆ. 'ಮಲಗಿಸ್ಬೇಡಿ, ನಿಲ್ಲಿಸಿ. ತಟ್ಟೆ ಸ್ಟ್ಯಾಂಡಲ್ಲಿ ತಟ್ಟೆ ನಿಲ್ಲಿಸ್ತೀರಲ್ಲ, ಹಂಗೆ' ಅಂದರು.

ಈ ಒಂದು ಮಾತಿಗೆ ನಾನು ಅವರಿಗೆ ಋಣಿ. ಪ್ಯಾಕಿಂಗ್ ಬಗ್ಗೆ ಎಷ್ಟು ವಿಡಿಯೋ ನೋಡಿದ್ದೆ, ಯಾವುದರಲ್ಲೂ ನನ್ನ ಸಾಮಾನಿಗೆ ಬೇಕಾದ್ದು ಹೇಳಿರಲಿಲ್ಲ. ಮಲಗಿಸಿದ ಕಾವಲಿಯ ಮೇಲೆ ಭಾರ ಬಿದ್ದರೆ ನಡುವೆ ಬಿರುಕು ಬಿಡುತ್ತದೆ, ಅಂಚಿನ ಮೇಲೆ ನಿಲ್ಲಿಸಿದರೆ ತಡೆಯುತ್ತದೆ. ಎರಡು ಕಾವಲಿಯ ನಡುವೆ ರಟ್ಟು, ಸುತ್ತ ಹಳೆ ಪೇಪರು, ಹೊರಗೆ ಗೋಣಿತಾಟು ಸುತ್ತಿ ಹೊಲಿಗೆ. ಮರಿಗೆಗಾದರೆ ಮರದ ಪೆಟ್ಟಿಗೆ, ಒಳಗೆ ಭತ್ತದ ಹುಲ್ಲು. ಬಾಕ್ಸು 25 ಕಿಲೋ ದಾಟಬಾರದು. ಒಬ್ಬ ಮನುಷ್ಯ ಎತ್ತಿ, ನಡೆದು, ಬಗ್ಗಿ, ಕೆಳಗಿಡುವಷ್ಟು ಮಾತ್ರ. ಇಡಲು ಆಗದಷ್ಟು ಭಾರ ಇದ್ದರೆ ಅದು ಬೀಳುತ್ತದೆ.

ಇನ್ನೊಂದು ಅವರೇ ಹೇಳಿದ್ದು. ನಾನು ಫ್ರಜೈಲ್ ಅಂತ ಇಂಗ್ಲಿಷಿನ ಕೆಂಪು ಸ್ಟಿಕರ್ ಅಂಟಿಸುತ್ತಿದ್ದೆ. ಯಾರೂ ಅದನ್ನು ಓದುತ್ತಿರಲಿಲ್ಲ. ಈಗ ದಪ್ಪ ಮಾರ್ಕರ್‌ನಲ್ಲಿ ಕನ್ನಡದಲ್ಲಿ ಬರೆಯುತ್ತೇನೆ: 'ಬೀಡು. ಬಿದ್ದರೆ ಒಡೆಯುತ್ತದೆ.' ಕೆಳಗೆ ಊರಿನ ಹೆಸರು ದೊಡ್ಡದಾಗಿ. ಲಾರಿಯೊಳಗೆ ರಾತ್ರಿ ಮೊಬೈಲ್ ಟಾರ್ಚ್ ಬೆಳಕಿನಲ್ಲಿ ಬಾಕ್ಸ್ ಹುಡುಕುವ ಹುಡುಗನಿಗೆ ಅದು ಕಾಣಬೇಕು. ಸಾಗರದ ಬಾಕ್ಸು ಶಿವಮೊಗ್ಗದಲ್ಲೇ ಇಳಿದುಹೋಗುವುದು ಇದರಿಂದ ನಿಂತಿತು.

ಈಗ ರೇಟಿನ ವಿಷಯ. 25 ಕಿಲೋ ಬಾಕ್ಸಿಗೆ ಶಿವಮೊಗ್ಗಕ್ಕೆ ಕೊರಿಯರ್‌ನವರು ಕೇಳುವುದರಲ್ಲಿ ಅರ್ಧಕ್ಕಿಂತ ಕಡಿಮೆಗೆ ಲಾರಿಯಲ್ಲಿ ಹೋಗುತ್ತದೆ. ಬಾಡಿಗೆ ಬೇರೆ, ಹಮಾಲಿ ಅಂದರೆ ಎತ್ತಿ ಇಳಿಸುವ ಕೂಲಿ ಬೇರೆ. ಪೇಯ್ಡ್ ಅಂದರೆ ಬಾಡಿಗೆ ನಾವು ಇಲ್ಲೇ ಕೊಡುವುದು, ಟು ಪೇ ಅಂದರೆ ಬಿಡಿಸಿಕೊಳ್ಳುವವರು ಅಲ್ಲಿ ಕೊಡುವುದು. ಹೊಸಬರು ಇಲ್ಲಿ ಎಡವುತ್ತಾರೆ. ಅಲ್ಲಿ ಅನ್‌ಲೋಡಿಂಗ್ ಹಮಾಲಿ ಯಾರು ಕೊಡಬೇಕು ಅಂತ ಮೊದಲೇ ಮಾತಾಡಿ ಎಲ್‌ಆರ್ (ಲಾರಿ ರಸೀದಿ) ಮೇಲೆ ಬರೆಸಿ. ಇಲ್ಲದಿದ್ದರೆ ಆ ಕಡೆ ಅಂಗಡಿಯವರಿಗೂ ಹಮಾಲಿಗಳಿಗೂ ಜಗಳ, ನಡುವೆ ನಿಮ್ಮ ಬಾಕ್ಸು. ನಾನು ಇಲ್ಲಿನ ಹಮಾಲಿ ದುಡ್ಡನ್ನು ಬಾಕ್ಸಿಗೆ ಐದು ರೂಪಾಯಿ ಜಾಸ್ತಿಯೇ ಕೊಡುತ್ತೇನೆ, ನೇರವಾಗಿ ಅವರ ಕೈಗೆ. 14 ಬಾಕ್ಸಿಗೆ 70 ರೂಪಾಯಿ. ಒಂದು ಕಾವಲಿ ಒಡೆದರೆ ನನಗಾಗುವ ನಷ್ಟ ಅದಕ್ಕಿಂತ ಎಷ್ಟೋ ಜಾಸ್ತಿ. ಇಷ್ಟಕ್ಕೂ ಇದು ಬರೀ ನಷ್ಟ ಲಾಭದ ಲೆಕ್ಕವಲ್ಲ. ಐವತ್ತು ದಾಟಿದ ಮನುಷ್ಯ ತಲೆ ಮೇಲೆ ಟವೆಲ್ ಸಿಂಬಿ ಇಟ್ಟುಕೊಂಡು ದಿನಕ್ಕೆ ನೂರಾರು ಸಲ ಭಾರ ಹೊರುತ್ತಾನೆ. ಅವನ ಹತ್ತಿರ ಚೌಕಾಸಿ ಮಾಡಲು ನನಗೆ ಮನಸ್ಸು ಬರುವುದಿಲ್ಲ.

ಒಡೆದರೆ ಪರಿಹಾರ ಸಿಗುತ್ತಾ ಅಂತ ಎಲ್ಲರೂ ಕೇಳುತ್ತಾರೆ. ನನಗೆ ಮೊದಲ ಸಲ ಒಂದು ಪೈಸೆ ಸಿಗಲಿಲ್ಲ, ಯಾಕೆಂದರೆ ನನಗೆ ಏನೂ ಗೊತ್ತಿರಲಿಲ್ಲ. ಆಮೇಲೆ ತಿಳಿದುಕೊಂಡೆ. 2007ರ ರಸ್ತೆ ಸಾಗಣೆ ಕಾಯ್ದೆ ಅಂತ ಒಂದಿದೆ. ಸಾಮಾನು ಸಾಗಿಸುವವರು ನೋಂದಣಿ ಮಾಡಿಸಿರಬೇಕು. ನೀವು ಬೆಲೆ ಘೋಷಿಸಿ ಅದಕ್ಕೆ ತಕ್ಕಂತೆ ಹೆಚ್ಚು ಹಣ ಕಟ್ಟಿಲ್ಲದಿದ್ದರೆ ಅವರ ಹೊಣೆ ಬಾಡಿಗೆಯ 10 ಪಟ್ಟಿಗೆ ನಿಲ್ಲುತ್ತದೆ. ಅಂದರೆ 640 ರೂಪಾಯಿ ಬಾಡಿಗೆಗೆ 6,400ರವರೆಗೆ. ಬುಕ್ ಮಾಡಿದ ದಿನದಿಂದ 180 ದಿನದೊಳಗೆ ಲಿಖಿತವಾಗಿ ನೋಟಿಸ್ ಕೊಡಬೇಕು. ಹಾಗಾಗಿ ಎಲ್‌ಆರ್ ಮೇಲೆ ಸಾಮಾನಿನ ಹೆಸರು, ಬೆಲೆ ಸರಿಯಾಗಿ ಬರೆಸಿ. ಎಷ್ಟೋ ಕಡೆ 'ಹೌಸ್‌ಹೋಲ್ಡ್ ಐಟಂ' ಅಂತ ಗೀಚಿ ಕೊಟ್ಟುಬಿಡುತ್ತಾರೆ. ಬೇಡ ಅನ್ನಿ, ಬಿಡಿಸಿ ಬರೆಯಿರಿ ಅನ್ನಿ. ಸಾಮಾನಿನ ಬೆಲೆ 50,000 ದಾಟಿದರೆ ಇ-ವೇ ಬಿಲ್, ಅಂದರೆ ಜಿಎಸ್‌ಟಿಯವರ ಆನ್‌ಲೈನ್ ಸಾಗಣೆ ಚೀಟಿ ಕೂಡ ಬೇಕು. ರಾಜ್ಯದೊಳಗಿನ ಸಾಗಣೆಗೂ ಇದು ನಮ್ಮಲ್ಲಿ 2018ರ ಏಪ್ರಿಲ್ 1ರಿಂದಲೇ ಇದೆ. ಇದಿಲ್ಲದೆ ಕಳಿಸಿದರೆ ದಾರಿಯಲ್ಲಿ ಗಾಡಿ ನಿಲ್ಲಿಸುತ್ತಾರೆ, ರಾತ್ರಿಯೆಲ್ಲ ಕಾಯಬೇಕಾದವನು ಡ್ರೈವರ್.

ಡ್ರೈವರ್‌ಗಳ ಬಗ್ಗೆ ಸ್ವಲ್ಪ ಬರೆಯಲೇಬೇಕು. ಲಾರಿ ಇಲ್ಲಿಂದ ಹೊರಡುವುದು ರಾತ್ರಿ ಒಂಬತ್ತು ಹತ್ತಕ್ಕೆ. ಹಗಲು ಊರೊಳಗೆ ಭಾರಿ ವಾಹನಕ್ಕೆ ನಿರ್ಬಂಧ ಇರುತ್ತದೆ, ಜೊತೆಗೆ ನಮ್ಮ ಟ್ರಾಫಿಕ್. ಮೈಸೂರು ಬ್ಯಾಂಕ್ ಸರ್ಕಲ್ಲಿನಿಂದ ನೆಲಮಂಗಲ ದಾಟುವಷ್ಟರಲ್ಲಿ ಡ್ರೈವರ್‌ಗೆ ಅರ್ಧ ಜೀವ ಹೋಗಿರುತ್ತದೆ, ಆಮೇಲೆ ಬೆಳಗಿನ ತನಕ ಓಡಿಸಬೇಕು. ನಾನು ವ್ಯಾಪಾರ ಶುರು ಮಾಡಿದಾಗ ಪೀಣ್ಯ ಮೇಲ್ಸೇತುವೆಗೆ ಲಾರಿ ಬಿಡುತ್ತಿರಲಿಲ್ಲ. 2021ರ ಡಿಸೆಂಬರ್‌ನಲ್ಲಿ ಮುಚ್ಚಿದ್ದು, ಭಾರಿ ವಾಹನಕ್ಕೆ ಮತ್ತೆ ತೆರೆದದ್ದು 2024ರ ಜುಲೈ ಕೊನೆಗೆ. ಅಲ್ಲಿಯವರೆಗೆ ತುಮಕೂರು ಕಡೆ ಹೋಗುವ ಲಾರಿಗಳೆಲ್ಲ ಕೆಳಗಿನ ರಸ್ತೆಯಲ್ಲಿ ತೆವಳಬೇಕಿತ್ತು. ನಮಗೆ ಪಾರ್ಸೆಲ್ ಅರ್ಧ ದಿನ ತಡ, ಅಷ್ಟೇ. ಆ ಅರ್ಧ ದಿನ ಪೂರ್ತಿ ಸ್ಟಿಯರಿಂಗ್ ಹಿಡಿದು ಕೂತವರು ಅವರು.

2024ರ ಜುಲೈನಲ್ಲಿ ಪುತ್ತೂರಿಗೆ 11 ಬಾಕ್ಸ್ ಹೋಗುತ್ತಿತ್ತು. ಸಕಲೇಶಪುರದ ಹತ್ತಿರ ದೊಡ್ಡತಪ್ಪಲಿನಲ್ಲಿ ಗುಡ್ಡ ಕುಸಿದು ಶಿರಾಡಿ ಘಾಟಿ ರಸ್ತೆ ಬಂದ್ ಆಯಿತು. ಮೂರನೇ ದಿನ ಡ್ರೈವರ್ ತಾನಾಗಿಯೇ ಫೋನ್ ಮಾಡಿದರು. ನನ್ನ ನಂಬರ್ ಅವರಿಗೆ ಕ್ಲರ್ಕ್ ಕೊಟ್ಟಿದ್ದರಂತೆ. 'ಮೇಡಂ, ಮಳೆ ಭಾರಿ ಐತೆ, ಟಾರ್ಪಲ್ ಇನ್ನೊಂದು ಹೊದಿಸಿದೀನಿ, ನಿಮ್ ಬಾಕ್ಸ್ ಒಣಗೇ ಅವೆ, ಟೆನ್ಶನ್ ಮಾಡ್ಕೋಬೇಡಿ' ಅಂದರು. ಊಟ ಆಯ್ತಾ ಅಂತ ಕೇಳಿದೆ. ರೊಟ್ಟಿ ಮುಗಿದಿದೆ, ಅವಲಕ್ಕಿ ಇದೆ ಅಂದರು. ಕ್ಯಾಬಿನ್ನಿನಲ್ಲೇ ಮೂರು ರಾತ್ರಿ ಮಲಗಿದ್ದರು. ಬೀಡಿಗೆ ನೀರು ತಾಗಿದರೆ ತುಕ್ಕು ಅಂತ ಅವರಿಗೆ ಯಾರು ಹೇಳಿದ್ದರೋ ಗೊತ್ತಿಲ್ಲ. 11 ಬಾಕ್ಸೂ ಒಣಗಿದಂತೆಯೇ ಪುತ್ತೂರು ಸೇರಿದವು. ಈ ಸೇವೆಗೆ ನಾನು ಎಷ್ಟು ಸ್ಟಾರ್ ಕೊಡಲಿ ಹೇಳಿ?

ಕಾನೂನಿನಲ್ಲಿ ಏನಿದೆ ಅಂತ ನೋಡಿದರೆ ಬೇಸರವಾಗುತ್ತದೆ. 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆಯಲ್ಲೇ ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆ ಅಂತ ಬರೆದಿದ್ದರು. ನಾನು ಮಾತಾಡಿಸಿದ ಒಬ್ಬ ಲಾರಿ ಡ್ರೈವರ್ ಕೂಡ ಎಂಟು ಗಂಟೆ ಓಡಿಸಿ ಇಳಿದು ಮಲಗುವುದನ್ನು ಕಂಡಿಲ್ಲ. ಹೊಸದಾಗಿ ತಯಾರಾಗುವ ಲಾರಿಗಳ ಕ್ಯಾಬಿನ್ನಿಗೆ ಎಸಿ ಇರಲೇಬೇಕು ಅಂತ 2025ರಲ್ಲಿ ನಿಯಮ ಜಾರಿಗೆ ಬಂತು. ತುಂಬ ಒಳ್ಳೆಯದು. ಆದರೆ ಕಲಾಸಿಪಾಳ್ಯದಲ್ಲಿ ನಿಲ್ಲುವ ಲಾರಿಗಳು ಹತ್ತು ಹದಿನೈದು ವರ್ಷ ಹಳೆಯವು, ಅವುಗಳ ಡ್ರೈವರ್‌ಗಳು ಎಂಜಿನ್ ಬಿಸಿಯಲ್ಲೇ ಬೇಯುತ್ತಾರೆ.

ಕ್ಲೀನರ್‌ಗಳು ಸಿಗುತ್ತಿಲ್ಲ ಅಂತ ನಮ್ಮ ಆಫೀಸಿನ ಮಾಲೀಕರು ಪದೇ ಪದೇ ಹೇಳುತ್ತಾರೆ. ಇದು ಸಣ್ಣ ಮಾತಲ್ಲ. ಮೊದಲೆಲ್ಲ ಹುಡುಗ ಕ್ಲೀನರ್ ಆಗಿ ಲಾರಿ ಹತ್ತಿ, ಟಾರ್ಪಲ್ ಕಟ್ಟುವುದು, ಹಗ್ಗ ಬಿಗಿಯುವುದು, ಟೈರು ಬದಲಿಸುವುದು, ಘಾಟಿಯಲ್ಲಿ ಗೇರು ಹಾಕುವುದು ಎಲ್ಲ ನೋಡಿ ಕಲಿತು ಡ್ರೈವರ್ ಆಗುತ್ತಿದ್ದ. ಈಗ ಆ ವಯಸ್ಸಿನ ಹುಡುಗರು ಬೈಕ್ ಹತ್ತಿ ಊಟ, ದಿನಸಿ ಡೆಲಿವರಿ ಮಾಡುತ್ತಾರೆ. ರಾತ್ರಿ ಮನೆಗೆ ಹೋಗಬಹುದು, ಅಲ್ವಾ. ಅವರನ್ನು ತಪ್ಪು ಅನ್ನಲಾಗದು. ಆದರೆ ಈಗಿನ ಡ್ರೈವರ್‌ಗಳಿಗೆ ವಯಸ್ಸಾಗುತ್ತಿದೆ, ಹಿಂದೆ ಬರುವವರು ಕಾಣುತ್ತಿಲ್ಲ. ಪುತ್ತೂರಿಗೆ ಹೋಗುವ ಆ ಡ್ರೈವರ್ ಕೂಡ 'ನನ್ ಮಗನ್ನ ಐಟಿಐಗೆ ಹಾಕಿದೀನಿ, ಸ್ಟೇರಿಂಗ್ ಮುಟ್ಟಿಸಲ್ಲ' ಅಂದರು.

2025ರ ಏಪ್ರಿಲ್‌ನಲ್ಲಿ ಡೀಸೆಲ್ ತೆರಿಗೆ 21.17% ಆಗಿ ಲೀಟರಿಗೆ 2 ರೂಪಾಯಿ ಏರಿದಾಗ ಲಾರಿ ಮಾಲೀಕರು ಮುಷ್ಕರ ಮಾಡಿದರು. ಆಗ ನನ್ನ 18 ಬಾಕ್ಸ್ ಗೋಡೌನಿನಲ್ಲೇ ಕೂತಿತ್ತು. ಗ್ರಾಹಕರು ಬೈದರು. ಆದರೆ ಲಾರಿ ನಿಂತ ದಿನ ಬಾಕ್ಸಿನ ಲೆಕ್ಕದಲ್ಲಿ ದುಡಿಯುವ ಹಮಾಲಿಗೆ ಒಲೆ ಉರಿಯುವುದಿಲ್ಲ ಅನ್ನುವುದು ನನಗೆ ಆಗಲೇ ಕಣ್ಣಿಗೆ ಬಿದ್ದದ್ದು. ಆರು ಜನವೂ ದಿನಾ ಬಂದು ಕಟ್ಟೆ ಮೇಲೆ ಕೂತು ಹೋಗುತ್ತಿದ್ದರು.

ಹೊರುವವರಿಗೆ ಒಂದಿಷ್ಟು ಯೋಜನೆಗಳಿವೆ, ಅವರಿಗೇ ಗೊತ್ತಿರುವುದಿಲ್ಲ. ಹಮಾಲಿಗಳಿಗೆ ಅಂಬೇಡ್ಕರ್ ಕಾರ್ಮಿಕ ಸಹಾಯ ಹಸ್ತದಲ್ಲಿ ನೋಂದಣಿ ಇದೆ. ಖಾಸಗಿ ವಾಣಿಜ್ಯ ವಾಹನದ ಡ್ರೈವರ್, ಕ್ಲೀನರ್ ಅಪಘಾತದಲ್ಲಿ ತೀರಿಕೊಂಡರೆ ಕುಟುಂಬಕ್ಕೆ 5 ಲಕ್ಷದ ಪರಿಹಾರ ಇದೆ. 2024ರಲ್ಲಿ ಮೋಟಾರು ಸಾರಿಗೆ ಕಾರ್ಮಿಕರಿಗೆ ಪ್ರತ್ಯೇಕ ಕಲ್ಯಾಣ ಕಾನೂನೇ ಬಂತು, ಅದಕ್ಕೆ ಹಣ ಕೂಡಿಸಲು ಹೊಸ ಬೈಕಿಗೆ 500, ಕಾರಿಗೆ 1,000 ರೂಪಾಯಿ ಸೆಸ್ ಹಾಕಿದರು. ನೀವು ಆಮೇಲೆ ಬೈಕ್ ಕೊಂಡಿದ್ದರೆ ಆ 500 ಇವರಿಗಾಗಿ ಕೊಟ್ಟದ್ದು. ಹಾಗಾಗಿ ನಿಮ್ಮ ಸಾಮಾನು ಹೊತ್ತವರನ್ನು ಕಾರ್ಡ್ ಮಾಡಿಸಿದ್ದೀರಾ ಅಂತ ಒಂದು ಮಾತು ಕೇಳಿ. ನಮ್ಮ ಆಫೀಸಿನಲ್ಲಿ ಆರರಲ್ಲಿ ಇಬ್ಬರದ್ದು ಮಾತ್ರ ಆಗಿತ್ತು. ಕ್ಲರ್ಕ್ ಒಂದು ಭಾನುವಾರ ಕೂತು ಉಳಿದವರ ಆಧಾರ್, ಬ್ಯಾಂಕ್ ಪಾಸ್‌ಬುಕ್ ಎಲ್ಲ ಜೋಡಿಸಿ ಅರ್ಜಿ ಹಾಕಿಸಿದರು. ಇಂಥ ಆಫೀಸಿಗೆ ಬಾಕ್ಸಿಗೆ ಹತ್ತು ರೂಪಾಯಿ ಜಾಸ್ತಿಯಾದರೂ ನಾನು ಕೊಡುತ್ತೇನೆ.

ಶೆಡ್‌ನಿಂದ ಕಲಾಸಿಪಾಳ್ಯಕ್ಕೆ ನಾನು ಆ್ಯಪ್‌ನಲ್ಲಿ ಟಾಟಾ ಏಸ್ ಹಾಕಿಸುತ್ತೇನೆ. ನಮ್ಮ ಗಲ್ಲಿಗೆ ದೊಡ್ಡ ಗಾಡಿ ಬರುವುದೇ ಇಲ್ಲ. 2005ರಲ್ಲಿ ಈ ಪುಟ್ಟ ಗಾಡಿ ಬಂದಮೇಲೆ ನಮ್ಮಂಥ ಸಣ್ಣ ವ್ಯಾಪಾರಕ್ಕೆ ಕಾಲು ಬಂದ ಹಾಗಾಗಿದೆ. ಆದರೆ ಒಂದು ನೆನಪಿಡಿ, ಆ ಡ್ರೈವರ್ ಬಂದಿರುವುದು ಓಡಿಸಲು. ಬಾಕ್ಸ್ ಎತ್ತಲು ನೆರವಾದರೆ ಅದಕ್ಕೆ ಬೇರೆ ದುಡ್ಡು ಕೊಡಿ. ಗಾಡಿ ಬಂದಮೇಲೆ ಟೇಪ್ ಸುತ್ತುತ್ತಾ ಅರ್ಧ ಗಂಟೆ ಕಾಯಿಸಬೇಡಿ, ಅವರ ಮುಂದಿನ ಬಾಡಿಗೆ ಹೋಗುತ್ತದೆ. ಆ್ಯಪ್‌ನಲ್ಲಿ ದುಡಿಯುವವರಿಗೂ 2025ರಲ್ಲಿ ನಮ್ಮ ರಾಜ್ಯದಲ್ಲಿ ಗಿಗ್ ಕಾರ್ಮಿಕರ ಕಾನೂನು ಬಂದಿದೆ, ಕಂಪನಿಗಳು 1ರಿಂದ 5% ಕಲ್ಯಾಣ ಶುಲ್ಕ ಕಟ್ಟಬೇಕು. ಅದು ಅವರ ಕೈಗೆ ನಿಜವಾಗಿ ಮುಟ್ಟಲಿ ಅಂತ ನನ್ನ ಆಸೆ.

ಕೆಎಸ್‌ಆರ್‌ಟಿಸಿಯ 'ನಮ್ಮ ಕಾರ್ಗೋ' ಪಾರ್ಸೆಲ್ ಸೇವೆ ಬಗ್ಗೆಯೂ ಕೇಳುತ್ತೀರಿ. 2021ರ ಫೆಬ್ರವರಿಯಲ್ಲಿ ಶುರುವಾದದ್ದು. ಒಂದೆರಡು ಸಣ್ಣ ಬಾಕ್ಸ್ ಇದ್ದಾಗ ನಾನು ಮೆಜೆಸ್ಟಿಕ್‌ನಲ್ಲಿ ಹಾಕುತ್ತೇನೆ. ರಾತ್ರಿ ಬಸ್ಸಿಗೆ ಹಾಕಿದ್ದು ಬೆಳಿಗ್ಗೆ ಸಾಗರದಲ್ಲಿ ಇರುತ್ತದೆ, ಇದಕ್ಕಿಂತ ಬೇಗ ಇನ್ನೇನು ಬೇಕು. ಮದುವೆಗೆ ಉಡುಗೊರೆ ಕೊಡಲು ಅರ್ಜೆಂಟಾಗಿ ಮರಿಗೆ ಕೇಳುವವರಿಗೆ ಇದೇ ಸರಿ. 2023ರ ಡಿಸೆಂಬರ್‌ನಲ್ಲಿ ಅವರು 20 ಸ್ವಂತ ಟ್ರಕ್ಕುಗಳನ್ನೂ ಇಳಿಸಿದರು. ದೊಡ್ಡ ಲೋಡು ಇದ್ದರೆ ವಿಚಾರಿಸಿ. ನನಗೆ 10-15 ಬಾಕ್ಸು ಬೇರೆ ಬೇರೆ ಊರಿಗೆ ಹೋಗಬೇಕಾದ್ದರಿಂದ ಲಾರಿ ಪಾರ್ಸೆಲ್ಲೇ ಒಗ್ಗಿದೆ.

ಲಾರಿ ಪಾರ್ಸೆಲ್ಲಿನಲ್ಲಿ ಸರಿಹೋಗಬೇಕಾದ್ದೂ ಇದೆ. ಬಾಕ್ಸು ಈಗ ಎಲ್ಲಿದೆ ಅಂತ ಮೊಬೈಲಿನಲ್ಲಿ ನೋಡಲು ಬರುವುದಿಲ್ಲ, ಕ್ಲರ್ಕಿಗೆ ಫೋನ್ ಮಾಡಬೇಕು, ಸಂಜೆ ಐದರ ಮೇಲೆ ಅವರು ಎತ್ತುವುದಿಲ್ಲ. ನಾಳೆ ತಲುಪುತ್ತದೆ ಅಂದದ್ದು ನಾಡಿದ್ದು ತಲುಪಬಹುದು, ಲಾರಿ ತುಂಬದೆ ಹೊರಡುವುದಿಲ್ಲವಲ್ಲ. ಮಳೆ ಬಂದರೆ ಆಫೀಸಿನ ಮುಂದೆ ಮೊಣಕಾಲುದ್ದ ನೀರು. ಎಲ್ಲಕ್ಕಿಂತ ನನ್ನನ್ನು ಕಾಡುವುದು, ಆ ಇಡೀ ಬೀದಿಯಲ್ಲಿ ಹಮಾಲಿಗಳಿಗೆ, ಡ್ರೈವರ್‌ಗಳಿಗೆ ಒಂದು ಚೊಕ್ಕ ಶೌಚಾಲಯ, ಬೆನ್ನು ಚಾಚಲು ಒಂದು ನೆರಳಿನ ಜಾಗ ಇಲ್ಲ. ರಾತ್ರಿಯಿಡೀ ಓಡಿಸಿ ಬಂದವರು ಲಾರಿಯ ಕೆಳಗೆ ರಟ್ಟು ಹಾಸಿಕೊಂಡು ಮಲಗುತ್ತಾರೆ. ಸುತ್ತಲಿನ ಅಂಗಡಿಗಳಿಗೆಲ್ಲ ಸಾಮಾನು ತಂದು ಹಾಕುವವರು ಅವರೇ. ಪಾಲಿಕೆಯವರು, ಲಾರಿ ಆಫೀಸಿನವರು ಸೇರಿ ಇದೊಂದನ್ನು ಮಾಡಬಾರದೇ?

ಒಟ್ಟು 5ಕ್ಕೆ 4 ಕೊಡುತ್ತೇನೆ. ನಾಲ್ಕೂ ಆ ಆರು ಹಮಾಲಿಗಳಿಗೆ, ಕ್ಲರ್ಕಿಗೆ, ಡ್ರೈವರ್‌ಗಳಿಗೆ. ಕಳೆದ ಒಂದು ವರ್ಷದಲ್ಲಿ ಒಡೆದದ್ದು ಮೂರು ಕಾವಲಿ, ಅದರಲ್ಲಿ ಒಂದು ನನ್ನ ಪ್ಯಾಕಿಂಗ್ ತಪ್ಪು.

ಹೋಗುವವರು ಮಧ್ಯಾಹ್ನ ಮೂರರಿಂದ ಐದರೊಳಗೆ ಹೋಗಿ, ಆಗ ಕ್ಲರ್ಕಿಗೆ ಮಾತಾಡಲು ಪುರುಸೊತ್ತು ಇರುತ್ತದೆ. ಶನಿವಾರ ಬೇಡ, ಅವತ್ತಿನ ರಶ್ಶಿನಲ್ಲಿ ಯಾರಿಗೂ ನಿಮ್ಮ ಬಾಕ್ಸು ನೋಡಲಾಗದು. ಒಳಗೆ ಏನಿದೆ ಅಂತ ಕ್ಲರ್ಕಿಗೆ ಮಾತ್ರ ಅಲ್ಲ, ಎತ್ತುವವರಿಗೂ ಬಾಯಿಬಿಟ್ಟು ಹೇಳಿ. ಗುರುವಾರ ಸಾಗರಕ್ಕೆ ನನ್ನ 14 ಬಾಕ್ಸ್ ಹೊರಡುತ್ತವೆ, ಆರು ಮರಿಗೆ ಇವೆ ಅಂತ ಇವತ್ತೇ ಆ ಹಿರಿಯರಿಗೆ ಫೋನ್ ಮಾಡಿ ಹೇಳಿದ್ದೇನೆ. ಮೇಲ್ಗಡೆ ಜಾಗ ಇಟ್ಟಿರ್ತೀನಿ ಅಕ್ಕಾ ಅಂದಿದ್ದಾರೆ.